ಮುಂಡಗೋಡದಲ್ಲಿ ಕೂತು ಮಾತಾಡಿದವರು

2013ರ ಜನವರಿ 17. ಸಂಕ್ರಾಂತಿ ಕಳೆದು ಮೂರು ದಿನ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಟಿಬೆಟನ್ ನೆಲೆಯಲ್ಲಿರುವ ಡ್ರೆಪುಂಗ್ ಮಠದಲ್ಲಿ ಸಾವಿರಾರು ಭಿಕ್ಷುಗಳು ಸೇರಿದ್ದರು. ಅವರೆದುರು, ದಲೈ ಲಾಮಾ ಅವರ ಜತೆಗೆ, ಹೊರಗಿನಿಂದ ಬಂದ ಒಂದು ಪುಟ್ಟ ಗುಂಪು ಕೂತಿತ್ತು. ಭೌತವಿಜ್ಞಾನಿ ಆರ್ಥರ್ ಝಯಾನ್ಸ್, ಮಿದುಳಿನ ವಿಜ್ಞಾನಿಗಳಾದ ಕ್ರಿಸ್ಟಾಫ್ ಕಾಖ್ ಮತ್ತು ರಿಚರ್ಡ್ ಡೇವಿಡ್‌ಸನ್, ಫ್ರಾನ್ಸಿನ ತತ್ವಶಾಸ್ತ್ರಜ್ಞ ಮಿಶೆಲ್ ಬಿಟ್ಬೋಲ್, ವಿಜ್ಞಾನದ ಇತಿಹಾಸಕಾರ ಜಾನ್ ಡ್ಯುರಾಂಟ್, ಮಾನವಶಾಸ್ತ್ರಜ್ಞೆ ಕ್ಯಾರೊಲ್ ವರ್ತ್‌ಮನ್ ಆ ಗುಂಪಿನಲ್ಲಿದ್ದರು. ಆರು ದಿನ ಅವರ ಮಾತು ಕೆಲವೇ ಪ್ರಶ್ನೆಗಳ ಸುತ್ತ ನಡೆಯಿತು. ಜಡವಸ್ತು ಎಂದರೇನು? ಮಿದುಳಿಲ್ಲದೆ ಅರಿವು ಇರಬಲ್ಲದೇ? ಅಭ್ಯಾಸದಿಂದ ಮನುಷ್ಯನ ಸ್ವಭಾವ ಬದಲಾಗಬಲ್ಲದೇ?

‘ಮೈಂಡ್ ಅಂಡ್ ಲೈಫ್’ ಎಂಬ ಅಂತರರಾಷ್ಟ್ರೀಯ ಸಂವಾದ ಮಾಲೆಯ 26ನೆಯ ಸಭೆ ಅದು. ಅಲ್ಲಿ ನಡೆದ ಮಾತುಕತೆಯನ್ನು ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ 2017ರಲ್ಲಿ ಪುಸ್ತಕವಾಗಿ ಹೊರತಂದಿತು. ಈಚಿನ ದಶಕಗಳಲ್ಲಿ ಕನ್ನಡ ನೆಲದಲ್ಲಿ ನಡೆದ ಮಹತ್ವದ ಬೌದ್ಧಿಕ ಘಟನೆಗಳಲ್ಲಿ ಇದನ್ನು ಸೇರಿಸಲೇಬೇಕು. ಹುಬ್ಬಳ್ಳಿಯಿಂದ ಅಷ್ಟೇನೂ ದೂರವಿಲ್ಲದ ಊರಿನಲ್ಲಿ ಇದು ನಡೆಯಿತು. ಆದರೂ ಕನ್ನಡದ ನೆನಪಿನಲ್ಲಿ ಇದಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಸಾಹಿತ್ಯದವರು ಇದನ್ನು ವಿಜ್ಞಾನದ ಸಂಗತಿ ಎಂದುಕೊಂಡರು, ವಿಜ್ಞಾನದವರು ಧರ್ಮದ ಸಂಗತಿ ಎಂದುಕೊಂಡರು, ಉಳಿದವರಿಗೆ ಅದು ‘ಲಾಮಾ ಕ್ಯಾಂಪಿನ’ ಒಂದು ಉತ್ಸವವಾಗಿ ಕಂಡಿತು. ಬೇರೆ ಬೇರೆ ವಿದ್ಯೆಗಳ ಜನ ಒಂದೆಡೆ ಕೂತು ಮಾತಾಡಬೇಕು ಎಂಬ ಮಾತನ್ನು ವೇದಿಕೆಗಳಲ್ಲಿ ಎಲ್ಲರೂ ಆಡುತ್ತಾರೆ. ಹಾಗೆ ಕೂತು ಮಾತಾಡಿದವರು ಮನೆಬಾಗಿಲಿಗೇ ಬಂದಿದ್ದಾಗ ನೋಡಿದವರು ಕಡಿಮೆ.

ಈ ಸಭೆ ಮುಂಡಗೋಡಕ್ಕೆ ಬಂದ ದಾರಿ ದೊಡ್ಡದು. ಅದರ ಒಂದು ತುದಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಆಲ್ಪ್‌ಬಾಖ್ ಎಂಬ ಬೆಟ್ಟದ ಹಳ್ಳಿಯಲ್ಲಿದೆ. 1945ರ ಆಗಸ್ಟ್. ಯುರೋಪಿನಲ್ಲಿ ಯುದ್ಧ ನಿಂತು ಮೂರೇ ತಿಂಗಳಾಗಿತ್ತು. ನಾಜಿಗಳ ವಿರುದ್ಧ ಹೋರಾಡಿದ್ದ ಆಟೊ ಮೋಲ್ಡನ್ ಎಂಬ ತರುಣನೂ ಸಿಮೋನ್ ಮೋಸರ್ ಎಂಬ ತತ್ವಶಾಸ್ತ್ರದ ಅಧ್ಯಾಪಕನೂ ಸೇರಿ ಅಲ್ಲಿ ಒಂದು ಬೇಸಿಗೆ ಕೂಟ ಶುರುಮಾಡಿದರು. ಒಬ್ಬರನ್ನೊಬ್ಬರು ಕೊಂದು ಸುಸ್ತಾದ ದೇಶಗಳ ಜನ ಮತ್ತೆ ಒಟ್ಟಿಗೆ ಯೋಚನೆ ಮಾಡಲು ಕಲಿಯಲಿ ಎಂಬುದು ಆಸೆ. ಅಲ್ಲಿಗೆ ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ ಬಂದು ಹೋಗುತ್ತಿದ್ದರು. ಆ ಹಳ್ಳಿಯ ಮೇಲೆ ಅವರಿಗೆ ಎಷ್ಟು ಪ್ರೀತಿ ಎಂದರೆ 1961ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಅಲ್ಲಿಯ ಚರ್ಚಿನ ಅಂಗಳದಲ್ಲೇ. ವಿಜ್ಞಾನದ ತತ್ವಚಿಂತಕರಾದ ಕಾರ್ಲ್ ಪಾಪ್ಪರ್ ಮತ್ತು ಪಾಲ್ ಫೆಯರಾಬೆಂಡ್ 1948ರಲ್ಲಿ ಮೊದಲು ಭೇಟಿಯಾದದ್ದು ಅಲ್ಲಿ. ಮುಂದೆ ಫೆಯರಾಬೆಂಡ್, ವಿಜ್ಞಾನಕ್ಕೆ ಒಂದೇ ವಿಧಾನ ಎಂಬುದಿಲ್ಲ ಎಂದು ಪಾಪ್ಪರ್ ವಿಚಾರಕ್ಕೆ ತಿರುಗಿ ನಿಂತ. 1968ರಲ್ಲಿ ಕಾದಂಬರಿಕಾರ ಆರ್ಥರ್ ಕೋಸ್ಲರ್ ಅದೇ ಹಳ್ಳಿಗೆ ಮನಶ್ಶಾಸ್ತ್ರಜ್ಞ ಪಿಯಾಜೆ, ಜೀವವಿಜ್ಞಾನಿ ವಾಡಿಂಗ್‌ಟನ್, ಅರ್ಥಶಾಸ್ತ್ರಜ್ಞ ಹಾಯೆಕ್, ನಾಜಿ ಶಿಬಿರದಿಂದ ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಮೊದಲಾದ ಬೆರಳೆಣಿಕೆಯ ಜನರನ್ನು ಕರೆದು, ಜೀವವನ್ನು ಬರಿಯ ಬಿಡಿಭಾಗಗಳ ಲೆಕ್ಕದಿಂದ ತಿಳಿಯಲು ಸಾಧ್ಯವೇ ಎಂದು ಚರ್ಚಿಸಿದ. ಕಾದಂಬರಿಕಾರ ಕರೆದ ಸಭೆಗೆ ಅಂಥ ವಿಜ್ಞಾನಿಗಳು ಬಂದರು ಎಂಬುದನ್ನು ಗಮನಿಸಬೇಕು.

ಇದೇ ಹಳ್ಳಿಯಲ್ಲಿ 1983ರಲ್ಲಿ ಚಿಲಿ ದೇಶದ ಜೀವವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ದಲೈ ಲಾಮಾ ಅವರನ್ನು ಕಂಡರು. ವರೇಲಾ ಪಿನೊಶೆಯ ಸೈನಿಕ ದಂಗೆಯ ಮೇಲೆ ದೇಶ ಬಿಟ್ಟವರು. ದಲೈ ಲಾಮಾ ಅವರದೂ ದೇಶ ಬಿಟ್ಟ ಬದುಕೇ. ಲಾಸಾದ ಪೊಟಾಲಾ ಅರಮನೆಯಲ್ಲಿ ಹುಡುಗನಾಗಿದ್ದಾಗ ಹಳೆಯ ದೂರದರ್ಶಕವೊಂದರಲ್ಲಿ ಚಂದ್ರನ ಬೆಟ್ಟಗಳ ನೆರಳು ನೋಡಿ, ಚಂದ್ರ ಸ್ವಯಂಪ್ರಕಾಶಿ ಎಂದು ಗ್ರಂಥದಲ್ಲಿರುವುದು ತಪ್ಪು ಎಂದು ಗುರುಗಳ ಜತೆ ವಾದಿಸಿದ ಕಥೆಯನ್ನು ಅವರೇ ಬರೆದಿದ್ದಾರೆ. ಇಬ್ಬರೂ ಮಾತಿಗೆ ಕೂತರು, ಮಾತು ಮುಗಿಯಲಿಲ್ಲ. ಆಡಮ್ ಎಂಗಲ್ ಎಂಬ ಅಮೆರಿಕದ ವಕೀಲ ಏರ್ಪಾಡಿನ ಹೊರೆ ಹೊತ್ತರು. 1987ರ ಅಕ್ಟೋಬರಿನಲ್ಲಿ ಧರ್ಮಶಾಲಾದಲ್ಲಿ ಮೊದಲ ಸಭೆ ನಡೆಯಿತು. ಬಂದ ವಿದ್ವಾಂಸರು ಐವರೇ. ಒಬ್ಬ ಭೌತವಿಜ್ಞಾನಿ, ಒಬ್ಬ ಗಣಕವಿಜ್ಞಾನಿ, ಮಿದುಳನ್ನು ಬಲ್ಲ ಇಬ್ಬರು, ಒಬ್ಬ ಮನಶ್ಶಾಸ್ತ್ರಜ್ಞೆ. ನಡುವೆ ಇಬ್ಬರು ದುಭಾಷಿಗಳು. ಒಂದು ವಾರ.

ಆ ಸಭೆಗಳ ಕ್ರಮ ಸರಳ. ಬೆಳಗ್ಗೆ ಒಬ್ಬರು ದಲೈ ಲಾಮಾ ಅವರ ಪಕ್ಕದ ಕುರ್ಚಿಯಲ್ಲಿ ಕೂತು ತಮ್ಮ ವಿಷಯವನ್ನು ಅದರ ಅಆಇಈ ತಿಳಿಯದವರಿಗೂ ಅರ್ಥವಾಗುವಂತೆ ಹೇಳಬೇಕು. ಮಧ್ಯೆ ಯಾರು ಬೇಕಾದರೂ ತಡೆದು ಕೇಳಬಹುದು. ಮಧ್ಯಾಹ್ನವೆಲ್ಲ ಅದರ ಮೇಲೆಯೇ ಚರ್ಚೆ. ಮಾರನೆಯ ದಿನ ಇನ್ನೊಬ್ಬರು, ಆದರೆ ಹಿಂದಿನ ದಿನ ಎತ್ತಿದ ತಕರಾರನ್ನು ಮರೆಯುವಂತಿಲ್ಲ. ಹೀಗೆ ಐದು ದಿನ ಕೂತರೆ ಮೂರನೆಯ ದಿನಕ್ಕೆ ಮರ್ಯಾದೆಯ ಮಾತುಗಳೆಲ್ಲ ಖರ್ಚಾಗಿ ನಿಜವಾದ ಪ್ರಶ್ನೆಗಳು ಹೊರಗೆ ಬರುತ್ತವೆ. ಎರಡು ದಿನದ ಸಂಕಿರಣದಲ್ಲಿ ಆ ಮೂರನೆಯ ದಿನ ಬರುವುದೇ ಇಲ್ಲ.

ಇದಕ್ಕೂ ಹಿಂದೆ ಅಮೆರಿಕದಲ್ಲಿ ಇಂಥದೇ ಒಂದು ಪ್ರಯೋಗ ನಡೆದಿತ್ತು. 1946ರಿಂದ 1953ರವರೆಗೆ ಮೇಸಿ ಪ್ರತಿಷ್ಠಾನ ಹತ್ತು ಸಭೆಗಳನ್ನು ಕರೆಯಿತು. ಗಣಿತಜ್ಞರಾದ ನಾರ್ಬರ್ಟ್ ವೀನರ್, ಜಾನ್ ಫಾನ್ ನಾಯ್ಮನ್, ನರವಿಜ್ಞಾನಿ ವಾರನ್ ಮೆಕಲಕ್, ಮಾನವಶಾಸ್ತ್ರಜ್ಞರಾದ ಮಾರ್ಗರೆಟ್ ಮೀಡ್, ಗ್ರೆಗರಿ ಬೇಟ್‌ಸನ್ ಅಲ್ಲಿ ಒಂದೇ ಮೇಜಿನ ಸುತ್ತ ಕೂತರು. ಬಾಲಿ ದ್ವೀಪದ ತಾಯಂದಿರು ಮಕ್ಕಳನ್ನು ಹೇಗೆ ಬೆಳೆಸುತ್ತಾರೆ ಎಂದು ಹೊಲ-ಮನೆ ಸುತ್ತಿ ನೋಡಿ ಬಂದ ಮೀಡ್, ಬೇಟ್‌ಸನ್ ದಂಪತಿಗೆ ವೀನರ್ ಅವರ ವಿಮಾನ ಹೊಡೆಯುವ ತೋಪಿನ ಗಣಿತ ಏಕೆ ಬೇಕಿತ್ತು? ಒಂದು ಕೆಲಸದ ಫಲ ಮತ್ತೆ ಆ ಕೆಲಸದ ಮೇಲೆಯೇ ಪರಿಣಾಮ ಬೀರುವ ಬಗೆ, ಅಂದರೆ ಫೀಡ್‌ಬ್ಯಾಕ್, ಯಂತ್ರದಲ್ಲೂ ದೇಹದಲ್ಲೂ ಸಮಾಜದಲ್ಲೂ ಒಂದೇ ರೀತಿ ಇರಬಹುದೇ ಎಂಬ ಶಂಕೆ ಅವರನ್ನು ಅಲ್ಲಿಗೆ ಎಳೆದಿತ್ತು. 1951ರ ಎಂಟನೆಯ ಸಭೆಯಲ್ಲಿ ಸಾಹಿತ್ಯ ವಿಮರ್ಶಕ ಐ.ಎ. ರಿಚರ್ಡ್ಸ್ ಭಾಷೆ ಅರ್ಥ ಕೊಡುವ ಬಗೆಯನ್ನು ಕುರಿತು ಮಾತಾಡಿದರೆ, ಅದೇ ಸಭೆಯಲ್ಲಿ ಗಣಿತಜ್ಞ ಕ್ಲಾಡ್ ಶ್ಯಾನನ್ ಚಕ್ರವ್ಯೂಹದಲ್ಲಿ ತಾನೇ ದಾರಿ ಹುಡುಕಿಕೊಳ್ಳುವ ಯಂತ್ರವನ್ನು ತಂದು ತೋರಿಸಿದರು. ಮುಂಚಿನ ಒಂದು ಸಭೆಯಲ್ಲಿ ಮಾತಿನ ಹುರುಪಿನೊಳಗೆ ತಮ್ಮ ಹಲ್ಲು ಮುರಿದದ್ದೇ ಸಭೆ ಮುಗಿಯುವವರೆಗೆ ಗೊತ್ತಾಗಲಿಲ್ಲ ಎಂದು ಮೀಡ್ ಮುಂದೆ ನೆನೆದಿದ್ದಾರೆ.

ಅಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು ಎಂದಲ್ಲ. ಮನೋವಿಶ್ಲೇಷಕರಿಗೂ ನರವಿಜ್ಞಾನಿಗಳಿಗೂ ಮಾತು ಹೊಂದಲಿಲ್ಲ. ಕೊನೆಯ ವರ್ಷಗಳಲ್ಲಿ ವೀನರ್ ಮುನಿಸಿಕೊಂಡು ಮೆಕಲಕ್ ಸಂಗವನ್ನೇ ತೊರೆದರು. ಆದರೂ ‘ಮಾಹಿತಿ’ಯನ್ನು ಅಳೆಯಬಹುದಾದ ವಸ್ತುವಾಗಿ ಕಾಣುವ, ಕುಟುಂಬದಿಂದ ಕಾಡಿನವರೆಗೆ ಎಲ್ಲವನ್ನೂ ಒಂದು ‘ವ್ಯವಸ್ಥೆ’ಯಾಗಿ ನೋಡುವ ಇಂದಿನ ಬುದ್ಧಿಗೆ ಆ ಮೇಜಿನ ಸುತ್ತ ನಡೆದ ಜಗಳಗಳ ಋಣ ದೊಡ್ಡದಿದೆ.

ಕೂತು ಮಾತಾಡುವುದರಿಂದ ಏನು ಸಿಕ್ಕಿತು ಎಂಬುದು ನ್ಯಾಯವಾದ ಪ್ರಶ್ನೆ. ಮೈಂಡ್ ಅಂಡ್ ಲೈಫ್ ನಂಟಿನಿಂದ ಹುಟ್ಟಿದ ಒಂದು ಕೆಲಸವನ್ನು ಇಲ್ಲಿ ವಿವರವಾಗಿ ಹೇಳಬೇಕು. ಮಾಥ್ಯೂ ರಿಕಾರ್ ಎಂಬ ಫ್ರೆಂಚ್ ಭಿಕ್ಷು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ನೊಬೆಲ್ ಪುರಸ್ಕೃತ ಫ್ರಾನ್ಸ್ವಾ ಜಾಕೊಬ್ ಕೈಕೆಳಗೆ ಜೀವಕೋಶಗಳ ತಳಿವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರು. ತಂದೆ ತತ್ವಚಿಂತಕ, ತಾಯಿ ಚಿತ್ರಕಲಾವಿದೆ. ಅವರೇ ಒಳ್ಳೆಯ ಛಾಯಾಚಿತ್ರಕಾರ. 2007ರಲ್ಲಿ ಅವರು ನೆದರ್ಲೆಂಡ್ಸಿನ ಮಾಸ್ಟ್ರಿಖ್ಟ್‌ನಲ್ಲಿ ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿದರು. ಹೊರಗೆ ತಾನಿಯಾ ಸಿಂಗರ್ ಎಂಬ ನರವಿಜ್ಞಾನಿ ಕೂತಿದ್ದರು. ಬೇರೆಯವರ ನೋವನ್ನು ಕಂಡು ತಾವೂ ನೋಯುವಾಗ ಮಿದುಳಿನ ಯಾವ ಭಾಗಗಳು ಎಚ್ಚರಗೊಳ್ಳುತ್ತವೆ ಎಂದು ಸಿಂಗರ್ ಹಿಂದೆಯೇ ಕಂಡುಕೊಂಡಿದ್ದರು. ಕರುಣೆಯ ಧ್ಯಾನ ಮಾಡುತ್ತಿದ್ದ ರಿಕಾರ್ ಅವರಲ್ಲಿ ಆ ಭಾಗಗಳು ಎಚ್ಚರಗೊಳ್ಳಲಿಲ್ಲ, ಬೇರೆಯೇ ಭಾಗಗಳು ಎಚ್ಚರಗೊಂಡವು. ಸಿಂಗರ್ ಬೆರಗಾಗಿ ‘ಏನು ಮಾಡುತ್ತಿದ್ದೀರಿ’ ಎಂದು ಕೇಳಿದರು.

ಆಗ ಹೊಸ ಪ್ರಯೋಗವೊಂದು ಅಲ್ಲೇ ರೂಪುಗೊಂಡಿತು. ರಿಕಾರ್ ಹಿಂದಿನ ರಾತ್ರಿ ರೊಮೇನಿಯಾದ ಅನಾಥ ಮಕ್ಕಳ ಮೇಲಿನ ಸಾಕ್ಷ್ಯಚಿತ್ರ ನೋಡಿದ್ದರು. ಈಗ ಆ ಮಕ್ಕಳನ್ನು ನೆನೆದು, ಕರುಣೆಗೆ ದಾಟದೆ, ಬರಿಯ ಅವರ ನೋವಿನಲ್ಲಿ ಪಾಲುಗೊಳ್ಳುತ್ತ ಮಲಗಿದರು. ಸ್ವಲ್ಪ ಹೊತ್ತಿಗೆ ಅವರಿಗೆ ತಡೆಯಲಾಗದ ದಣಿವಾಯಿತು. ಆಮೇಲೆ ಕರುಣೆಯ ಧ್ಯಾನಕ್ಕೆ ಹೊರಳಿದಾಗ ದಣಿವು ಕಳೆದು, ಆ ಮಕ್ಕಳ ಹತ್ತಿರ ಹೋಗಬೇಕೆನ್ನುವ ಧೈರ್ಯ ಬಂತು. ಸಿಂಗರ್ ಮತ್ತು ಅವರ ಜತೆಗಾರರು ಇದನ್ನು ಒಬ್ಬ ಭಿಕ್ಷುವಿನ ಅನುಭವ ಎಂದು ಬಿಡಲಿಲ್ಲ. ಸಾಮಾನ್ಯ ಜನರಿಗೆ ಮೊದಲು ಸಹವೇದನೆಯ, ಆಮೇಲೆ ಕರುಣೆಯ ತರಬೇತಿ ಕೊಟ್ಟು ಪರೀಕ್ಷಿಸಿದರು. ಮೊದಲ ತರಬೇತಿಯಿಂದ ಜನ ಕುಗ್ಗಿದರು, ಎರಡನೆಯದರಿಂದ ಚೇತರಿಸಿಕೊಂಡರು, ಎರಡಕ್ಕೂ ಮಿದುಳಿನ ಜಾಲಗಳು ಬೇರೆ ಬೇರೆ. ಆಸ್ಪತ್ರೆಯಲ್ಲಿ ಹಗಲೂರಾತ್ರಿ ನೋವನ್ನೇ ನೋಡುವ ನರ್ಸುಗಳು, ವೈದ್ಯರು, ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡುವ ಹೆಂಗಸರು ಬತ್ತಿಹೋಗುವುದು ಏಕೆ ಎಂಬುದಕ್ಕೆ ಈ ಕೆಲಸದಲ್ಲಿ ಒಂದು ಸುಳಿವಿದೆ. ಸ್ಕ್ಯಾನರ್ ಇದ್ದ ಮಾತ್ರಕ್ಕೆ ಈ ಪ್ರಯೋಗ ಹೊಳೆಯುತ್ತಿರಲಿಲ್ಲ. ಎರಡು ಭಾವಗಳನ್ನು ಒಳಗಿನಿಂದ ಬಿಡಿಸಿ ನೋಡಲು ವರ್ಷಗಟ್ಟಲೆ ಕಲಿತ ಒಬ್ಬ ಮನುಷ್ಯ ಬೇಕಿತ್ತು. ಭಿಕ್ಷುವಿಗೂ ತನ್ನ ಅನುಭವ ತನ್ನದಷ್ಟೇ ಅಲ್ಲ ಎಂದು ತೋರಿಸಲು ಪ್ರಯೋಗಾಲಯ ಬೇಕಿತ್ತು. ಇಬ್ಬರಿಗೂ ಇನ್ನೊಬ್ಬರಿಲ್ಲದೆ ಆಗದು. ಅಂತರ್‌ಶಿಸ್ತೀಯ ಅಧ್ಯಯನ ಎಂದು ಕರೆಯಬೇಕಾದದ್ದು ಇದನ್ನು.

2004ರಲ್ಲಿ ಡೇವಿಡ್‌ಸನ್ ತಂಡ ಪ್ರಕಟಿಸಿದ ಲೇಖನವೂ ಹೆಸರಾಯಿತು. ಹತ್ತು ಸಾವಿರದಿಂದ ಐವತ್ತು ಸಾವಿರ ಗಂಟೆ ಧ್ಯಾನ ಮಾಡಿದ ಎಂಟು ಜನರ ಮಿದುಳಿನ ಅಲೆಗಳನ್ನು ಹತ್ತು ವಿದ್ಯಾರ್ಥಿಗಳ ಜತೆ ಹೋಲಿಸಿ, ಧ್ಯಾನಿಗಳಲ್ಲಿ ಗಾಮಾ ಅಲೆಗಳು ಅಸಾಧಾರಣ ಬಲದಿಂದ ಹೊಂದಿಕೊಂಡು ಮೂಡುತ್ತವೆ ಎಂದು ಅದು ತೋರಿಸಿತು. ಎಂಟು ಜನ ಎಂಬುದು ತೀರಾ ಸಣ್ಣ ಸಂಖ್ಯೆ. ಅವರ ಮಿದುಳು ಧ್ಯಾನದಿಂದ ಹಾಗಾಯಿತೋ, ಅಂಥ ಮಿದುಳಿನವರೇ ಧ್ಯಾನಕ್ಕೆ ಒಲಿದರೋ ಎಂಬುದನ್ನು ಅಷ್ಟರಿಂದ ನಿರ್ಧರಿಸಲಾಗದು. 2005ರಲ್ಲಿ ನರವಿಜ್ಞಾನಿಗಳ ದೊಡ್ಡ ಸಂಘ ವಾಷಿಂಗ್ಟನ್ ಸಮಾವೇಶಕ್ಕೆ ದಲೈ ಲಾಮಾ ಅವರನ್ನು ಭಾಷಣಕ್ಕೆ ಕರೆದಾಗ, ಧರ್ಮಗುರುವಿಗೆ ವಿಜ್ಞಾನದ ವೇದಿಕೆ ಏಕೆ ಎಂದು ನೂರಾರು ವಿಜ್ಞಾನಿಗಳು ಸಹಿ ಹಾಕಿ ಆಕ್ಷೇಪಿಸಿದರು. ಆ ಆಕ್ಷೇಪವನ್ನು ಅಸೂಯೆ ಎಂದು ತಳ್ಳಿಹಾಕುವುದು ಸರಿಯಲ್ಲ.

ಕಾರಣ, ಇಂಥ ಸಭೆಗಳಿಗೆ ಒಂದು ನಿಜವಾದ ಅಪಾಯವಿದೆ. ಕರೆದವರೇ ಗುರುಗಳಾದಾಗ ಎದುರು ಮಾತಾಡುವುದು ಕಷ್ಟ. ನಾವೆಲ್ಲ ಹೇಳುತ್ತಿರುವುದು ಒಂದೇ ಎಂಬ ಹಿತವಾದ ಮಂಪರು ಆವರಿಸುತ್ತದೆ. ವರೇಲಾ ಜತೆ ಪುಸ್ತಕ ಬರೆದ, ಈ ಸಂವಾದಗಳಲ್ಲಿ ಬಹುಕಾಲ ಭಾಗವಹಿಸಿದ ತತ್ವಶಾಸ್ತ್ರಜ್ಞ ಇವಾನ್ ಥಾಂಪ್ಸನ್ 2020ರಲ್ಲಿ ತಾನು ಏಕೆ ಬೌದ್ಧನಲ್ಲ ಎಂದು ಒಂದು ಪುಸ್ತಕವನ್ನೇ ಬರೆದರು. ಬೌದ್ಧಧರ್ಮವನ್ನು ಧರ್ಮವಲ್ಲ, ಮನಸ್ಸಿನ ವಿಜ್ಞಾನ ಎಂದು ಬಿಂಬಿಸುವುದನ್ನು ಅವರು ಅಲ್ಲಿ ಕಟುವಾಗಿ ವಿಮರ್ಶಿಸುತ್ತಾರೆ. ಒಳಗಿನವರೇ ಹೀಗೆ ಬರೆಯಬಲ್ಲರು ಎಂಬುದು ಆ ಮಾತುಕತೆಯ ಆರೋಗ್ಯಕ್ಕೆ ಸಾಕ್ಷಿ. ಇನ್ನೂ ಕೊರತೆಗಳಿವೆ. 1987ರ ಐವರಲ್ಲಿ ಹೆಣ್ಣು ಒಬ್ಬರೇ, ಎಲಿನಾರ್ ರಾಶ್. ಕಲೆಗೆ ಈ ಮಾಲೆಯಲ್ಲಿ ಸಿಕ್ಕ ಜಾಗವೂ ಕಡಿಮೆ. ಬಣ್ಣದ ಮರಳಿನಲ್ಲಿ ಮಂಡಲ ಬಿಡಿಸುವ, ಮುಖವಾಡ ಹಾಕಿ ಕುಣಿಯುವ ಪರಂಪರೆಯ ಜತೆ ನಡೆಯುವ ಮಾತುಕತೆಗೆ ಇದು ದೊಡ್ಡ ನಷ್ಟ.

ಮುಂಡಗೋಡದಲ್ಲಿ ಕಾಖ್ ಮತ್ತು ದಲೈ ಲಾಮಾ ಕೊನೆಗೂ ಒಪ್ಪಲಿಲ್ಲ. ಮಿದುಳು ಅಥವಾ ಅಂಥ ಒಂದು ಭೌತಿಕ ರಚನೆ ಇಲ್ಲದೆ ಅರಿವು ಇಲ್ಲ ಎಂಬುದು ಕಾಖ್ ನಿಲುವು. ಸೂಕ್ಷ್ಮ ಅರಿವು ದೇಹವನ್ನು ನೆಚ್ಚಿಲ್ಲ, ಅದು ಜನ್ಮದಿಂದ ಜನ್ಮಕ್ಕೆ ಹರಿಯುತ್ತದೆ ಎಂಬುದು ಬೌದ್ಧ ನಿಲುವು. ಪ್ರಾಣಿಗಳಿಗೂ ಸುಖದುಃಖದ ಅರಿವಿದೆ ಎಂಬಲ್ಲಿ ಮಾತ್ರ ಇಬ್ಬರೂ ಕೂಡಿದರು. ಸೋಲು ಗೆಲುವು ತೀರ್ಮಾನವಾಗದೆ, ಎಲ್ಲಿ ಒಪ್ಪುತ್ತೇವೆ ಎಲ್ಲಿ ಒಪ್ಪುವುದಿಲ್ಲ ಎಂಬ ಗಡಿಯನ್ನು ಖಚಿತವಾಗಿ ಗುರುತಿಸಿಕೊಂಡು ಎದ್ದದ್ದೇ ಒಂದು ಸಾಧನೆ.

ಕರ್ನಾಟಕದ ಮಣ್ಣಿಗೆ ಇಂಥ ವಾದ ಹೊಸತಲ್ಲ. ಮುಂಡಗೋಡದ ಮಠದ ಅಂಗಳದಲ್ಲಿ ಸಂಜೆ ಹೊತ್ತು ಯುವಭಿಕ್ಷುಗಳಲ್ಲಿ ಒಬ್ಬರು ನಿಂತು, ಅಂಗೈ ಅಂಗೈಗೆ ಹೊಡೆದು ಪ್ರಶ್ನೆ ಎಸೆದರೆ, ಕೂತವರು ಉತ್ತರ ಕೊಡಬೇಕು. ಆ ತರ್ಕದ ಮೂಲ ಪಾಠ ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಯರದು. ಅದೇ ಧರ್ಮಕೀರ್ತಿಯ ವಿಚಾರಗಳನ್ನು ಎಂಟನೆಯ ಶತಮಾನದಲ್ಲಿ ಜೈನ ತಾರ್ಕಿಕ ಅಕಲಂಕ ಎಳೆಎಳೆಯಾಗಿ ಬಿಡಿಸಿ ಖಂಡಿಸಿದ. ಶ್ರವಣಬೆಳಗೊಳದ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿ ಶಾಸನದಲ್ಲಿ ಅಕಲಂಕ ಬೌದ್ಧರನ್ನು ವಾದದಲ್ಲಿ ಸೋಲಿಸಿದ ಕೀರ್ತಿಯನ್ನು ಕೆತ್ತಿದ್ದಾರೆ. ಈ ನಾಡು ಬಿಟ್ಟುಹೋಗಿದ್ದ ಧರ್ಮಕೀರ್ತಿಯ ಪಾಠ 1960ರ ದಶಕದಲ್ಲಿ ನಿರಾಶ್ರಿತರ ಗಂಟಿನಲ್ಲಿ ಟಿಬೆಟಿನಿಂದ ಮರಳಿ ಬಂತು. ಅದು ಬಂದ ಮೇಲೆ ಕನ್ನಡದ ವಿದ್ವತ್ತು ಅದರೊಡನೆ ಎಷ್ಟು ಮಾತಾಡಿದೆ? ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಒಮ್ಮೆ ದಲೈ ಲಾಮಾ ಅವರೊಡನೆ ಬೌದ್ಧ ದಾರ್ಶನಿಕ ನಾಗಾರ್ಜುನನ ಬಗ್ಗೆ ಮಾತಾಡಿದ್ದರು. ಕ್ವಾಂಟಂ ಭೌತವಿಜ್ಞಾನದ ವಿಚಾರಗಳನ್ನು ಹೋಲುವ ಮಾತು ನಾಗಾರ್ಜುನನಲ್ಲಿ ಇದೆ ಎಂದು ರಾಮಣ್ಣ ಹೇಳಿದ್ದನ್ನು ದಲೈ ಲಾಮಾ ಅನೇಕ ಸಭೆಗಳಲ್ಲಿ ನೆನೆದಿದ್ದಾರೆ. ಹೋಲಿಕೆ ಕಂಡ ಮಾತ್ರಕ್ಕೆ ನಾಗಾರ್ಜುನನಿಗೆ ಕ್ವಾಂಟಂ ಗೊತ್ತಿತ್ತು ಎಂದಾಗುವುದಿಲ್ಲ. ಎಲೆಕ್ಟ್ರಾನಿನ ನಡತೆಯನ್ನು ಪ್ರಯೋಗ ಮತ್ತು ಗಣಿತದಿಂದ ಕಂಡುಕೊಂಡರು, ನಾಗಾರ್ಜುನ ಹೇಳುವ ಶೂನ್ಯತೆಯನ್ನು ತರ್ಕದಿಂದ. ಈ ವ್ಯತ್ಯಾಸವನ್ನು ಮರೆತು ‘ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವ ಗುಂಪು ಇಂದು ದೊಡ್ಡದಾಗಿದೆ. ಆ ಗುಂಪಿಗೆ ತಕ್ಕ ಉತ್ತರವೂ ಇಂಥ ಸಣ್ಣ ಸಭೆಯಲ್ಲೇ ಸಿಗಬೇಕು. ಅಲ್ಲಿ ಭೌತವಿಜ್ಞಾನಿಯೂ ಸಂಸ್ಕೃತ ಬಲ್ಲವರೂ ಎದುರುಬದುರು ಕೂತಿರುತ್ತಾರೆ, ಯಾರೂ ಚಪ್ಪಾಳೆಗಾಗಿ ಮಾತಾಡುವುದಿಲ್ಲ.

ರಾಮಣ್ಣ ಪಿಯಾನೊ ನುಡಿಸುತ್ತಿದ್ದರು, ರಾಗ ಮತ್ತು ಪಾಶ್ಚಾತ್ಯ ಸಂಗೀತದ ರಚನೆಯ ಮೇಲೆ ಪುಸ್ತಕ ಬರೆದಿದ್ದರು. ಜೆ.ಆರ್.ಡಿ. ಟಾಟಾ ಅವರ ಆಸೆಯಂತೆ 1988ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ. ಅವರಿಗೂ ಹಿಂದೆ ಸಿ.ವಿ. ರಾಮನ್ 1920ರಲ್ಲಿ, ಮೃದಂಗ ಮತ್ತು ತಬಲಾ ಚರ್ಮವಾದ್ಯಗಳಾದರೂ ತಂತಿವಾದ್ಯದಂತೆ ಸುಸ್ವರದ ನಾದ ಕೊಡುವುದು ಹೇಗೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬಲಗಡೆಯ ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯಲ್ಲಿದೆ ಗುಟ್ಟು. ಮರುವರ್ಷ ತಂಬೂರಿ, ವೀಣೆಗಳ ಕುದುರೆಯ ಮೇಲೆ ಬರೆದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಶಿವರಾಮ ಕಾರಂತರು ಯಕ್ಷಗಾನಕ್ಕೂ ವಿಜ್ಞಾನದ ವಿಶ್ವಕೋಶಕ್ಕೂ ಒಂದೇ ಶ್ರದ್ಧೆಯಿಂದ ದುಡಿದರು. ಕನ್ನಡದ ಹೆಮ್ಮೆ ಇದು, ಕೊರಗೂ ಇದೇ. ವಿದ್ಯೆಗಳ ಈ ಮಾತುಕತೆ ಇಲ್ಲಿ ದೊಡ್ಡವರೊಬ್ಬರ ತಲೆಯೊಳಗೆ ನಡೆಯಿತು, ಅವರು ಹೋದಾಗ ಅವರ ಜತೆಗೇ ನಿಂತಿತು. ಕಾರಂತರಂಥವರು ಮತ್ತೆ ಹುಟ್ಟಲಿ ಎಂದು ಕಾಯುತ್ತ ಕೂರಲಾಗದು. ಒಂದೊಂದೇ ವಿದ್ಯೆ ಬಲ್ಲ ಸಾಧಾರಣ ಜನರನ್ನು ಒಟ್ಟಿಗೆ ಕೂರಿಸಿದರೆ ಅದರಿಂದಲೂ ಬಹಳ ಕೆಲಸವಾಗುತ್ತದೆ.

ಅಂಥ ಕೆಲಸ ಇಲ್ಲಿ ನಡೆದೇ ಇಲ್ಲ ಎಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮುಂಗಾರು ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಜತೆಗಾರರು ಪಾವಗಡ ಸೀಮೆಯ ಶೇಂಗಾ ಬೆಳೆಗಾರರ ಜತೆ ಕೂತು, ಯಾವಾಗ ಬಿತ್ತಿದರೆ ಮಳೆಯ ಅನಿಶ್ಚಿತತೆಯಲ್ಲೂ ನಷ್ಟ ಕಡಿಮೆ ಎಂದು ಲೆಕ್ಕ ಹಾಕಿದರು. ರೈತರ ಅನುಭವ ಆ ಲೆಕ್ಕದ ಒಳಗೇ ಇತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ನೀನಾಸಮ್ ವರ್ಷವರ್ಷವೂ ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರ, ಒಂದು ಹಳ್ಳಿಯಲ್ಲಿ ದಿನಗಟ್ಟಲೆ ಕೂತು ಕನ್ನಡದಲ್ಲೇ ಗಂಭೀರವಾಗಿ ಚರ್ಚಿಸಬಹುದು ಎಂದು ತೋರಿಸಿದೆ. ಮುಂಡಗೋಡ, ಬೈಲಕುಪ್ಪೆಯ ಮಠಗಳಂತೂ ಇನ್ನೂ ಮುಂದೆ ಹೋಗಿವೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ 2014ರಿಂದ ಡ್ರೆಪುಂಗ್, ಗಾಂಡೆನ್, ಸೆರಾ ಮಠಗಳ ಪಠ್ಯದಲ್ಲಿ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಸೇರಿವೆ. ಶತಮಾನಗಳಿಂದ ಬದಲಾಗದ ಪಾಠಪಟ್ಟಿ ಅದು. 2017ರಲ್ಲಿ ಮುಂಡಗೋಡದ ಡ್ರೆಪುಂಗ್ ಲೋಸೆಲಿಂಗ್ ಮಠ ಧ್ಯಾನ ಮತ್ತು ವಿಜ್ಞಾನ ಕೇಂದ್ರವನ್ನೇ ತೆರೆಯಿತು. ದೇಶ ಕಳೆದುಕೊಂಡು ಬಂದ ಜನ ಎರಡು ತಲೆಮಾರಿನೊಳಗೆ ಇಷ್ಟು ಮಾಡಿಕೊಂಡರು.

ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ನಡೆಯುವುದು ಬೇರೆ. ‘ಅಂತರರಾಷ್ಟ್ರೀಯ ಬಹುಶಿಸ್ತೀಯ ವಿಚಾರ ಸಂಕಿರಣ’ ಎಂಬ ಬ್ಯಾನರ್. ಉದ್ಘಾಟನೆಗೆ ಅರ್ಧ ದಿನ, ಹಾರ ಶಾಲಿಗೆ ಒಂದಿಷ್ಟು ಹೊತ್ತು. ವಿದೇಶದ ಒಬ್ಬರು ಪರದೆಯ ಮೇಲೆ ಬಂದು ಹೋಗುತ್ತಾರೆ. ಸಮಾನಾಂತರ ಗೋಷ್ಠಿಗಳಲ್ಲಿ ಹತ್ತು ಹತ್ತು ನಿಮಿಷದ ಪ್ರಬಂಧ, ಓದಿದವರಿಗೆಲ್ಲ ಪ್ರಮಾಣಪತ್ರ, ಬಡ್ತಿಯ ಲೆಕ್ಕಕ್ಕೆ ಅಂಕ. ಸಂಜೆ ಬಸ್ಸಿನ ಹೊತ್ತಿಗೆ ಸಭೆ ಖಾಲಿ. ಇದರಲ್ಲಿ ಅಧ್ಯಾಪಕರ ತಪ್ಪು ಕಡಿಮೆ. ಬಡ್ತಿಗೆ ಪ್ರಮಾಣಪತ್ರ ಎಣಿಸುವ ಪದ್ಧತಿ ಅವರನ್ನು ಹಾಗೆ ಓಡಿಸುತ್ತಿದೆ. ಆದರೆ ಹೀಗೆ ಖರ್ಚಾಗುವ ದುಡ್ಡು ಸಾರ್ವಜನಿಕರದು, ವ್ಯರ್ಥವಾಗುವ ಹುಮ್ಮಸ್ಸು ಎಳೆಯ ಸಂಶೋಧಕರದು.

ಬೇಕಾದದ್ದು ದೊಡ್ಡದೇನಲ್ಲ. ಇಪ್ಪತ್ತು ಜನ, ಐದು ದಿನ, ಒಂದು ಪ್ರಶ್ನೆ. ಪ್ರಶ್ನೆ ಮಳೆಯೇ ಆಗಲಿ. ಮುಂಗಾರಿನ ಮಾದರಿ ಕಟ್ಟುವ ವಿಜ್ಞಾನಿ, ಆರಿದ್ರಾ ಪುಷ್ಯ ಆಶ್ಲೇಷ ಎಂದು ನಕ್ಷತ್ರದಿಂದ ಮಳೆ ಎಣಿಸುವ ರೈತ, ಮಳೆಗಾದೆಗಳನ್ನು ಕೂಡಿಹಾಕಿದ ಜಾನಪದ ವಿದ್ವಾಂಸೆ, ಶಾಸನಗಳಲ್ಲಿ ಬರ ಮತ್ತು ಕೆರೆಯ ಸುದ್ದಿ ಹುಡುಕುವ ಇತಿಹಾಸಕಾರ, ಮಲೆನಾಡಿನ ಕವಿ, ಶ್ರೀಲಂಕಾದಿಂದಲೋ ಕೆನ್ಯಾದಿಂದಲೋ ಬಂದ ಒಬ್ಬಿಬ್ಬರು. ಪ್ರಶ್ನೆ ನಾದವೇ ಆಗಬಹುದು. ಧ್ವನಿವಿಜ್ಞಾನಿ, ಮೃದಂಗ ನುಡಿಸುವವರು, ಅದಕ್ಕೆ ಚರ್ಮ ಬಿಗಿದು ಕರಣೆ ಹಾಕುವ ಕುಶಲಕರ್ಮಿ ಒಂದೇ ಚಾಪೆಯ ಮೇಲೆ ಕೂರಲಿ. ಚರ್ಮದ ಕೆಲಸ ಮಾಡುವವರನ್ನು ಸಂಗೀತ ಸಭೆಯ ಹೊರಗೇ ನಿಲ್ಲಿಸಿದ ಸಮಾಜ ಇದು. ರಾಮನ್ ಬಿಡಿಸಿದ ಗುಟ್ಟು ಆ ಕೈಗಳಿಗೆ ತಲೆಮಾರುಗಳಿಂದ ಗೊತ್ತಿತ್ತು, ಅವರನ್ನು ವಿದ್ವಾಂಸರ ಸಾಲಿನಲ್ಲಿ ಕೂರಿಸುವ ಕೆಲಸ ಇನ್ನೂ ಬಾಕಿ ಇದೆ.

ಕೆಲವು ಕಟ್ಟಳೆಗಳು ಮಾತ್ರ ಗಟ್ಟಿಯಾಗಿರಬೇಕು. ಬರೆದು ತಂದ ಪ್ರಬಂಧ ಓದುವಂತಿಲ್ಲ. ಪ್ರಮಾಣಪತ್ರ ಇಲ್ಲ. ಮಾತು ಕನ್ನಡದಲ್ಲಿ, ಹೊರಗಿನವರಿಗಾಗಿ ಎರಡೂ ಕಡೆಯ ವಿಷಯ ಬಲ್ಲ ಒಳ್ಳೆಯ ದುಭಾಷಿ. ಮುಂಡಗೋಡದ ಗಾಂಡೆನ್ ಮಠದಲ್ಲಿ ಭಿಕ್ಷುವಾಗಿದ್ದು ಕೇಂಬ್ರಿಜಿನಲ್ಲಿ ತತ್ವಶಾಸ್ತ್ರ ಓದಿದ ಥುಪ್ತೆನ್ ಜಿನ್ಪಾ ಅವರಂಥ ದುಭಾಷಿ ಇಲ್ಲದಿದ್ದರೆ ಆ ಸಂವಾದ ಒಂದು ದಿನವೂ ಸಾಗುತ್ತಿರಲಿಲ್ಲ. ಕಟುವಾಗಿ ಒಪ್ಪದ ಒಬ್ಬರಾದರೂ ಇರಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಜನ ಮರುವರ್ಷವೂ ಬರಬೇಕು. ಮೇಸಿ ಸಭೆ ಹತ್ತು ಸಲ ಸೇರಿದ್ದರಿಂದ ಫಲ ಕೊಟ್ಟಿತು. ಮೊದಲ ಸಲಕ್ಕೇ ಫಲ ಕೇಳುವ ಧನಸಹಾಯ ಸಮಿತಿಗಳಿಗೆ ಇದನ್ನು ತಿಳಿಸಿ ಹೇಳಬೇಕು.

ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ ಒಂದಾದರೂ ಬರುವ ವರ್ಷ ತನ್ನ ಒಂದು ಸಂಕಿರಣವನ್ನು ಕೈಬಿಟ್ಟು, ಅದೇ ದುಡ್ಡಿನಲ್ಲಿ ಇಂಥದೊಂದು ಸಭೆ ಕರೆಯಲಿ. ಕುಲಪತಿಗಳು ಉದ್ಘಾಟನೆಗೆ ಬರುವುದು ಬೇಡ, ಐದೂ ದಿನ ಕೂರುವುದಾದರೆ ಬರಲಿ. ಕರ್ನಾಟಕ ವಿಶ್ವವಿದ್ಯಾಲಯ ಮೊದಲು ಮುಂದೆ ಬಂದರೆ ಊರನ್ನೂ ಹುಡುಕಬೇಕಾಗಿಲ್ಲ, ಧಾರವಾಡದಿಂದ ಮುಂಡಗೋಡಕ್ಕೆ ಎರಡು ಗಂಟೆಯ ದಾರಿ.